ಖಾಲಿ ಬಿಡದ ಷರಾ ಕಾಲಂ

ಕಳೆದ ವರ್ಷ ನಾನು ಕೊಚ್ಚಿಯ ವಲ್ಲಾರ್ಪಾಡಂನಲ್ಲಿ ಒಂದು ಹಡಗು ಏಜೆನ್ಸಿಯ ಕ್ರೂ ವೆಲ್‌ಫೇರ್ ಆಫೀಸರ್ ಆಗಿದ್ದೆ. ಹಡಗಿನಿಂದ ಇಳಿದ ನಾವಿಕರನ್ನು ಆಸ್ಪತ್ರೆಗೆ, ಲಾಡ್ಜಿಗೆ, ಕೊನೆಗೆ ವಿಮಾನ ನಿಲ್ದಾಣಕ್ಕೆ ತಲುಪಿಸುವುದು ನನ್ನ ಕೆಲಸ. ಕಾಯಿಲೆ ಬಿದ್ದ ನಾವಿಕನನ್ನು ಹಡಗಿನ ಕಂಪನಿಯೇ ಅವನ ದೇಶಕ್ಕೆ ಕಳಿಸಿಕೊಡಬೇಕು. ಇದಕ್ಕೆ ರಿಪ್ಯಾಟ್ರಿಯೇಷನ್ ಎನ್ನುತ್ತಾರೆ. ಅದು ನಾವಿಕನ ಹಕ್ಕು. ಆ ಹಕ್ಕು ಬೇಡ ಎಂದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹಾಗೆ ಕಳಿಸಿಕೊಡುವುದಕ್ಕೆ ಒಂದು ಪುಟದ ಫಾರ್ಮ್ ಇದೆ. 'ಸ್ವಇಚ್ಛೆಯಿಂದ ಮರಳುತ್ತಿದ್ದೇನೆ' ಎಂಬ ಸಾಲಿನ ಮುಂದೆ ಕಚೇರಿಯಲ್ಲೇ ಟಿಕ್ ಹಾಕಿಕೊಂಡು ಹೋಗುವುದು ನಮ್ಮ ರೂಢಿ. ಸಹಿ ಆದ ಮೇಲೆ ನಾವಿಕನಿಗೆ ಒಂದು ಪೊಟ್ಟಣ ನೇಂದ್ರ ಬಾಳೆಕಾಯಿ ಚಿಪ್ಸ್. ಫಾರ್ಮಿನ ಕೊನೆಯಲ್ಲಿ 'ಷರಾ' ಎಂಬ ಕಾಲಂ ಇತ್ತು. ಅದರಲ್ಲಿ ಯಾರೂ ಏನೂ ಬರೆಯುತ್ತಿರಲಿಲ್ಲ.

ಜೂನ್‌ನಲ್ಲಿ ತಿರುವನಂತಪುರದ ಬಳಿಯ ವಿಳಿಂಜಂ ಬಂದರಿಗೆ ಬಂದ ಹಡಗಿನಿಂದ ಎಂಜಿನ್ ವಿಭಾಗದ ನಾವಿಕರೊಬ್ಬರನ್ನು ಅಪೆಂಡಿಕ್ಸ್ ನೋವಿಗಾಗಿ ಇಳಿಸಿದರು. ಅವರನ್ನು ಇದ್ರಿಸ್ ಎಂದು ಕರೆಯುತ್ತೇನೆ. ದೇಶದ ಹೆಸರು ಬರೆಯುವುದಿಲ್ಲ. ಅವರ ತಾಯಿ ಇನ್ನೂ ಅಲ್ಲಿದ್ದಾರೆ. ತಿರುವನಂತಪುರದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಹನ್ನೊಂದನೇ ದಿನ ಬೆಳಿಗ್ಗೆ ನಾನು ಫಾರ್ಮ್, ಟಿಕೆಟ್, ಚಿಪ್ಸ್ ಹಿಡಿದು ಅಲ್ಲಿನ ರೈಲು ನಿಲ್ದಾಣದ ಪಕ್ಕ, ತಂಪಾನೂರಿನಲ್ಲಿದ್ದ ಅವರ ಲಾಡ್ಜಿಗೆ ಹೋದೆ. ವಿಮಾನ ಮರುದಿನ ಸಂಜೆಗೆ.

ಇದ್ರಿಸ್ ಫಾರ್ಮನ್ನು ಪೂರ್ತಿ ಓದಿದರು. ಹಾಗೆ ಓದಿದವರಲ್ಲಿ ಅವರೇ ಮೊದಲಿಗರು.

"ಈ ಟಿಕ್ ಯಾರು ಹಾಕಿದ್ದು?"

"ನಾನು."

"ನನ್ನ ಇಚ್ಛೆ ನಿಮಗೆ ಹೇಗೆ ಗೊತ್ತಾಯ್ತು?"

ಅವರು ಚಿಪ್ಸ್ ಪೊಟ್ಟಣವನ್ನು ನನ್ನ ಕಡೆಗೇ ತಳ್ಳಿ ವಿಷಯ ಹೇಳಿದರು. ಹಡಗು ಹತ್ತುವ ಮುಂಚೆ ಅವರು ತಮ್ಮ ದೇಶದ ಬಂದರು ಕಾರ್ಮಿಕರ ಮುಷ್ಕರವನ್ನು ಬೆಂಬಲಿಸುವ ಪತ್ರವೊಂದಕ್ಕೆ ಸಹಿ ಹಾಕಿದ್ದರು. ನಾಲ್ಕನೆಯ ಸಹಿ. ಅವರು ಆಸ್ಪತ್ರೆಯಲ್ಲಿದ್ದಾಗ ಮೊದಲ ಮೂವರ ಬಂಧನವಾಗಿತ್ತು. ಪೊಲೀಸರು ತಾಯಿಯ ಮನೆಗೆ ಬಂದು, ಮಗ ಯಾವ ವಿಮಾನದಲ್ಲಿ ಬರುತ್ತಾನೆ ಎಂದು ಕೇಳಿ ಹೋಗಿದ್ದರು.

"ಹಡಗಿಂದ ಇಳಿದಾಗ ನನಗೆ ಇದ್ದದ್ದು ಹೊಟ್ಟೆನೋವು ಮಾತ್ರ," ಎಂದರು. "ಹೆದರಿಕೆ ಶುರುವಾದದ್ದು ಇಲ್ಲಿಗೆ ಬಂದ ಮೇಲೆ."

ನಮ್ಮಲ್ಲಿ ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಆದರೆ ದೆಹಲಿಯಲ್ಲಿರುವ ಅಂತರರಾಷ್ಟ್ರೀಯ ಕಚೇರಿಯೊಂದಕ್ಕೆ ಆಶ್ರಯ ಕೋರಿ ಅರ್ಜಿ ಹಾಕಬಹುದು. ಬೇರೆ ಕಾರಣಕ್ಕೆ ಬಂದವರು, ಬಂದ ಮೇಲೆ ಭಯ ಹುಟ್ಟಿದವರು ಕೂಡ ಹಾಕಬಹುದು. ಮಧ್ಯಾಹ್ನದ ಹೊತ್ತಿಗೆ ಇದ್ರಿಸ್ ತಮ್ಮ ಫೋನಿನಿಂದಲೇ ಅರ್ಜಿ ಕಳಿಸಿದರು. ಉತ್ತರ ಬರುವುದು ವಾರಗಳ ಮಾತು. ವಿಮಾನ ನಾಳೆ.

ಕೊಚ್ಚಿಗೆ ಫೋನ್ ಮಾಡಿದೆ. ನಮ್ಮ ಮ್ಯಾನೇಜರ್ ಭಟ್ಟರು ಕಾಸರಗೋಡಿನವರು, ಕನ್ನಡ ಸಂಘದಲ್ಲಿ ಅಪ್ಪನಿಗೆ ಪರಿಚಯ.

"ಎಂತ ಮಾರಾಯ್ತಿ, ಒಂದು ಸೈನು ತಗೊಳ್ಳಿಕ್ಕೆ ಇಷ್ಟು ಹೊತ್ತಾ?"

"ಅವರು ಹೋಗಲ್ಲ ಅಂತಿದ್ದಾರೆ ಸರ್. ಹೋದ್ರೆ ಅರೆಸ್ಟ್ ಮಾಡ್ತಾರೆ."

"ಅದು ಅವನ ತಲೆಬಿಸಿ. ನಾವು ಎಂತ ಕೋರ್ಟಾ? ಟಿಕ್ ಉಂಟಲ್ಲ, ಸೈನು ಹಾಕಿಸಿ ಕಳ್ಸು. ಬೇಕಾದ್ರೆ ಚಿಪ್ಸ್ ಎರಡು ಪ್ಯಾಕೆಟ್ ಕೊಡು."

"ಟಿಕ್ ನಾನು ಹಾಕಿದ್ದು ಸರ್. ಅದು ತಪ್ಪು. ಅಡ್ಡ ಗೀಟು ಹಾಕ್ತೀನಿ."

"ನಿನ್ನ ಅಪ್ಪನತ್ರ ಹೇಳ್ತೇನೆ ನೋಡು!"

"ಹೇಳಿ ಸರ್."

ಟಿಕ್ ಮೇಲೆ ಅಡ್ಡ ಗೀಟು ಎಳೆದು ಪಕ್ಕದಲ್ಲಿ ಸಹಿ ಮಾಡಿದೆ. ಷರಾ ಕಾಲಂನಲ್ಲಿ ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆದೆ: ಈ ಟಿಕ್ ಹಾಕಿದ್ದು ನಾನು, ನಾವಿಕರಲ್ಲ. ಬಂಧನದ ಭಯದಿಂದ ಅವರು ಮರಳಲು ಒಪ್ಪಿಲ್ಲ. ಆಶ್ರಯ ಕೋರಿ ಇಂದು ಅರ್ಜಿ ಕಳಿಸಿದ್ದಾರೆ. ಕೆಳಗೆ ದಿನಾಂಕ, ಗಂಟೆ, ನನ್ನ ಪೂರ್ತಿ ಹೆಸರು. ಇದ್ರಿಸ್ ಕೂಡ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಇಬ್ಬರೂ ಆ ಫಾರ್ಮ್ ಹಿಡಿದು ವಿದೇಶಿಯರ ನೋಂದಣಿ ಕಚೇರಿಗೆ ಹೋದೆವು. ಅಲ್ಲಿಯ ಅಧಿಕಾರಿ, ನಿವೃತ್ತಿಗೆ ಹತ್ತಿರದ ಮಲಯಾಳಿ ಮಹಿಳೆ, ಕನ್ನಡಕ ಏರಿಸಿ ಷರಾವನ್ನು ಎರಡು ಸಲ ಓದಿದರು.

"ಮೋಳೇ, ಇದನ್ನ ಬರೆಯದೇ ಇದ್ದಿದ್ರೆ ನನಗೂ ಸುಲಭ, ನಿನಗೂ ಸುಲಭ," ಎಂದರು ಮಲಯಾಳಂನಲ್ಲಿ, ಮಗಳಿಗೆ ಹೇಳುವಂತೆ.

"ಇವರಿಗೆ ಸುಲಭ ಆಗ್ತಿರಲಿಲ್ಲ ಮೇಡಂ."

"ಓದಿದ ಮೇಲೆ ಓದಿಲ್ಲ ಅನ್ನೋ ಹಾಗೂ ಇಲ್ಲ." ಅವರು ಸ್ವೀಕೃತಿಯ ಮೊಹರು ಒತ್ತಿ ಒಂದು ಪ್ರತಿ ನನಗೆ ಕೊಟ್ಟರು. ದೆಹಲಿಯಿಂದ ಉತ್ತರ ಬರುವವರೆಗೆ ವಾರಕ್ಕೊಮ್ಮೆ ಬಂದು ಸಹಿ ಹಾಕಬೇಕೆಂದು ಇದ್ರಿಸ್‌ಗೆ ಹೇಳಿದರು. ಅಂದು ಸಂಜೆ ವಿಮಾನ ಅವರನ್ನು ಬಿಟ್ಟು ಹೋಯಿತು.

ಐದನೇ ವಾರ ದೆಹಲಿಯಿಂದ ನೋಂದಣಿ ಪತ್ರ ಬಂತು, ಸಂದರ್ಶನಕ್ಕೆ ಕರೆಯೂ ಬಂತು. ತಂಪಾನೂರಿನಲ್ಲಿ ದೆಹಲಿಯ ರೈಲು ಹತ್ತುವಾಗ ಇದ್ರಿಸ್ ಚಿಪ್ಸ್ ಪೊಟ್ಟಣ ಕೇಳಿ ಪಡೆದುಕೊಂಡರು. ಅವರ ಅರ್ಜಿಯ ತೀರ್ಮಾನ ಇನ್ನೂ ಆಗಿಲ್ಲ. ಆದರೆ ಅವರು ಈ ದೇಶದಲ್ಲಿದ್ದಾರೆ, ಜೈಲಿನಲ್ಲಿಲ್ಲ.

ಭಟ್ಟರು ಹೇಳಿದಂತೆ ಅಪ್ಪನಿಗೆ ದೂರು ಕೊಟ್ಟರು. ಬ್ಯಾಂಕಿನಲ್ಲಿ ಇಡೀ ಆಯುಷ್ಯ ಫಾರ್ಮ್ ನೋಡಿದ ಅಪ್ಪ ನನ್ನನ್ನು ಕೇಳಿದ್ದು ಒಂದೇ: "ಅಕ್ಷರ ಓದೋ ಹಾಗೆ ಬರೆದಿದ್ಯಾ?"

ಖಾಲಿ ಬಿಟ್ಟ ಜಾಗವನ್ನು ಕಚೇರಿಗಳು ಒಪ್ಪಿಗೆ ಎಂದೇ ಓದಿಕೊಳ್ಳುತ್ತವೆ. ಈ ಕೆಲಸ ನನಗೆ ಕಲಿಸಿದ್ದು ಇದು. ನನ್ನನ್ನು ನಾವಿಕರ ಕೆಲಸದಿಂದ ತೆಗೆದು ಕಂಟೈನರ್ ದಾಖಲೆ ವಿಭಾಗಕ್ಕೆ ಹಾಕಿದ್ದಾರೆ. ಮನುಷ್ಯರ ಗೊಡವೆ ಇಲ್ಲದ ಜಾಗ ಎಂದು ಭಟ್ಟರ ಲೆಕ್ಕಾಚಾರ.

ಇಲ್ಲಿನ ಫಾರ್ಮುಗಳಲ್ಲೂ ಷರಾ ಕಾಲಂ ಇದೆ.