ಚಮಚ ಕರೆಯುತ್ತೆ, ಕೀಲಿ ಬೈಯುತ್ತೆ

ನನ್ನ ಚಿಕ್ಕಪ್ಪ ಮೂವತ್ತು ವರ್ಷ ಗೋಡೆಗಳಿಗೆ ಬಣ್ಣ ಹೊಡೆದವರು. ಕೊನೆಗೆ ಅವರ ಕಣ್ಣುಗಳು ಎಲ್ಲ ಬಣ್ಣವನ್ನೂ ಕಲಸಿ ಒಂದೇ ಬೂದಿ ಮಾಡಿಬಿಟ್ಟವು. ಕೋಲು ತಂದುಕೊಟ್ಟರೆ, "ಏಣಿ ಮೇಲೆ ಬಾಳಿದೋನಿಗೆ ನೆಲದ ಮೇಲೆ ನಡೆಯೋಕೆ ಕೋಲಾ?" ಎಂದು ಮೂಲೆಗೆಸೆದರು.

ಕೋಲಿನ ಬದಲು ಗಾಳಿಗಂಟೆ ಮಾಡಿಕೊಂಡರು. ಹರಿದ ಜರಡಿಯ ಬಳೆಗೆ, ಮೊಳೆಯಿಂದ ತೂತು ಹೊಡೆದ ಏಳು ಚಮಚ ಇಳಿಬಿಟ್ಟು ಒಂದು. ಬೀಗ ಕಳೆದುಹೋದ ಕೀಲಿಕೈಗಳದ್ದು ಇನ್ನೊಂದು. ಚಮಚದ್ದು ತಾರಸಿಯ ಮೆಟ್ಟಿಲ ಬಾಗಿಲಿಗೆ. ಕೀಲಿಯದ್ದು ತಾರಸಿಯ ಹಿಂಬದಿ ಅಂಚಿನ ಕಂಬಕ್ಕೆ. ಅಲ್ಲಿ ಮೋಟುಗೋಡೆ ಇರಲಿಲ್ಲ. ಹಳೆಯದನ್ನು ಒಡೆದ ಗಾರೆಯವನು "ನಾಳೆ ಬರ್ತೀನಿ" ಎಂದು ಹೋಗಿ ಎರಡು ತಿಂಗಳಾಗಿತ್ತು.

"ಚಮಚ ಕರೆಯುತ್ತೆ, ಕೀಲಿ ಬೈಯುತ್ತೆ. ಅಷ್ಟೇ ಕಣೋ," ಎನ್ನುತ್ತಿದ್ದರು.

"ನಾನು ಎರಡೂ ಮಾಡ್ತೀನಿ, ನಿಮಗೆ ಕೇಳಿಸೋದೇ ಇಲ್ಲ," ಎಂದು ಚಿಕ್ಕಮ್ಮ ಒಳಗಿನಿಂದ.

ನಾನು ಅವರ ಮನೆಯಲ್ಲಿದ್ದುಕೊಂಡು ಪಾರ್ಸೆಲ್ ಗೋದಾಮಿನಲ್ಲಿ ವಿಳಾಸದ ಚೀಟಿ ಅಂಟಿಸುತ್ತೇನೆ. ಪಾರ್ಸೆಲ್ಲನ್ನು ಬೇರೆ ಊರಿಗೆ ಕಳಿಸುವುದರಲ್ಲಿ ನನಗೆ ಸಾಟಿಯಿಲ್ಲವೆಂದು ಮೇಲ್ವಿಚಾರಕರೇ ಒಪ್ಪಿದ್ದಾರೆ. ಇಂಥವನು ರಜೆಯ ದಿನ ಸುಮ್ಮನೆ ಮಲಗಬೇಕಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡೆ. ಗಂಟೆಗಳ ದಾರ ಜೀರ್ಣವಾಗಿತ್ತು. ಚಿಕ್ಕಪ್ಪ ಮಧ್ಯಾಹ್ನ ಮಲಗಿದ್ದಾಗ ಎರಡನ್ನೂ ಇಳಿಸಿ, ಮೀನು ಹಿಡಿಯುವ ಗಟ್ಟಿ ದಾರ ಪೋಣಿಸಿ, ಮತ್ತೆ ಕಟ್ಟಿಬಂದೆ. ಕೊನೆಯ ಸಣ್ಣ ಚಮಚಕ್ಕೆ ದಾರ ಸಾಲಲಿಲ್ಲ. ಟೀ ಕದಡಲಿಕ್ಕಾದೀತೆಂದು ಜೇಬಿಗಿಳಿಸಿದೆ.

ಸಂಜೆ ಹಿತ್ತಲಲ್ಲಿ ಸೈಕಲ್ ಒರೆಸುತ್ತಿದ್ದೆ. ಗಾಳಿ ಬೀಸಿತು. ತಲೆಯ ಮೇಲೆ ಗಲಗಲ ಸದ್ದಾಯಿತು. ಕೀಲಿಯ ಸದ್ದಲ್ಲ, ಚಮಚದ್ದು. ತಲೆಯೆತ್ತಿದೆ. ಹಿಂಬದಿಯ ಕಂಬದಲ್ಲಿ ಚಮಚಗಳು ಹೊಳೆಯುತ್ತಿದ್ದವು. ಅವುಗಳ ಕಡೆಗೆ, ಒಣಗಿದ ಬಟ್ಟೆಯನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡು, ಚಿಕ್ಕಪ್ಪ ನಿಶ್ಚಿಂತೆಯಿಂದ ನಡೆದುಬರುತ್ತಿದ್ದರು.

ಕೂಗಲು ಬಾಯಿ ತೆರೆದೆ. ತಟ್ಟನೆ ಮುಚ್ಚಿದೆ. ಅವರು ದನಿ ಬಂದ ಕಡೆಗೆ ಹೆಜ್ಜೆ ಹಾಕುವ ಮನುಷ್ಯ. ನಾನು ನಿಂತಿದ್ದು ಅವರೆದುರಿಗೆ, ಹತ್ತಡಿ ಕೆಳಗೆ. ಕರೆದರೆ ಬಂದೇ ಬರುತ್ತಾರೆ.

ಓಡಿದೆ. ಅಡುಗೆಮನೆ ದಾಟುವಾಗ ಚಿಕ್ಕಮ್ಮ "ಯಾಕೋ, ದೆವ್ವ ಅಟ್ಟಿಸ್ಕೊಂಡು ಬಂತಾ?" ಎಂದರು. ನಿಲ್ಲಲಿಲ್ಲ. ಹದಿನೆಂಟು ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ಹಿತ್ತಲಿನಿಂದ ಧೊಪ್ಪೆಂಬ ಸದ್ದಿಗೆ ಕಿವಿ ಕಾದಿತ್ತು.

ಬಾಗಿಲಲ್ಲಿ ಕೀಲಿಗಳು, ಚಿಕ್ಕಪ್ಪನಿಗಿಂತ ಗೇಣುದ್ದ ಎತ್ತರವಿರುವ ನನ್ನ ಹಣೆಗೆ ಬಡಿದವು. ಚಿಕ್ಕಪ್ಪ ಅಂಚಿಗೆ ಎರಡು ಹೆಜ್ಜೆಯಿರುವಾಗ ನಿಂತುಬಿಟ್ಟಿದ್ದರು, ಕತ್ತು ಓರೆ ಮಾಡಿಕೊಂಡು.

"ಚಿಕ್ಕಪ್ಪಾ... ಹಿಂದೆ ತಿರುಗಿ. ನನ್ನ ಕಡೆ ಬನ್ನಿ."

ತಿರುಗಿದರು. ಕಾಲಿನಿಂದ ನೆಲ ತಡವುತ್ತ, ತಾರಸಿಯ ನಡುವಿಗೆ ಬಂದು ನಿಂತರು.

"ಆರೇ ಕೇಳಿಸ್ತು. ಸಣ್ಣದೆಲ್ಲೋ?"

"ಜೇಬಲ್ಲಿದೆ."

"ಕದ್ದಿದ್ದಾ?"

"ಹೂಂ."

"ನೀನು ಕಳ್ಳನಾಗಿದ್ದಕ್ಕೆ ನಾನು ಉಳಿದೆ. ಪ್ರಾಮಾಣಿಕನಾಗಿದ್ದಿದ್ರೆ ಹೋಗ್ತಿದ್ದೆ," ಎಂದರು. ನಗಲಿಲ್ಲ. ಬಟ್ಟೆಗಳನ್ನು ಎದೆಗೆ ಇನ್ನಷ್ಟು ಅವುಚಿಕೊಂಡರು. "ಅದರದರ ಜಾಗಕ್ಕೆ ಕಟ್ಟು. ಅಲ್ಲೀವರೆಗೂ ನಾನು ಕದಲಲ್ಲ."

ಕಟ್ಟಿದೆ. ಗಂಟು ಮೂರು ಸಲ ಜಾರಿತು. ಸಣ್ಣದಕ್ಕೆ ನನ್ನ ಬೂಟಿನ ಲಾಡಿ ಬಿಚ್ಚಿ ಹಾಕಿದೆ. ಗಾಳಿ ನಿಂತಿತ್ತು. ಇಬ್ಬರೂ ಕಾದೆವು. ಕೊನೆಗೆ ಬಾಗಿಲಲ್ಲಿ ಏಳನೆಯದು ಕಿಣಿ ಎಂದ ಮೇಲೆಯೇ ಅವರು ಪಾದ ಎತ್ತಿದ್ದು.