ದೋಣಿಗೆ ಜಾಗ ನೋಡಿಕೊಟ್ಟ ತಾಂಡೇಲರು

ಕಳೆದ ವಾರ ಅಮ್ಮನ ಕಾಲದ ಮಂಚವೊಂದನ್ನು ರಿಪೇರಿಗೆ ಕೊಡಲು ಬೈಕುಲ್ಲಾದ ಬಡಗಿಯ ಅಂಗಡಿಗೆ ಹೋಗಿದ್ದೆ. ಒಳಗೆ ಯಾರೋ ಹಲಗೆಗಳಿಗೆ ಗೇರೆಣ್ಣೆ ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆಯ ಘಾಟು ಒಮ್ಮೆ ಮೂಗಿಗೆ ಹೊಕ್ಕರೆ ಸಂಜೆಯವರೆಗೂ ಬಿಡುವುದಿಲ್ಲ. ಬಡಗಿ ಮಂಚದ ಕಾಲು ಎಷ್ಟು ಸವೆದಿದೆ ಎಂದು ಹೇಳುತ್ತಲೇ ಇದ್ದ. ನನಗೆ ಮಾತ್ರ ಬೇರೊಬ್ಬರ ಕೈಗಳು ಕಣ್ಣಮುಂದೆ ಬಂದು ನಿಂತಿದ್ದವು. ಅಗಲವಾದ, ಬೆರಳ ಸಂದಿಯಲ್ಲಿ ಕಪ್ಪು ಉಳಿದುಬಿಟ್ಟಿದ್ದ ಕೈಗಳು…

ನಾನು ಹುಟ್ಟಿ ಬೆಳೆದ ಚಾಳ್ ಆ ಅಂಗಡಿಯಿಂದ ಎರಡು ಗಲ್ಲಿ ಆಚೆ. ಅಪ್ಪ ಕುಂದಾಪುರದ ಕಡೆಯಿಂದ ಬಂದು ಹತ್ತಿರದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ನಮ್ಮ ಮಾಳಿಗೆಯ ಕೊನೆಯ ಖೋಲಿಯಲ್ಲಿ ಮಲ್ಪೆ ಕಡೆಯ ನಾಲ್ಕೈದು ಗಂಡಸರು ಒಟ್ಟಿಗೆ ಇದ್ದರು. ಆ ಕೈಗಳು ಅವರಲ್ಲಿ ಹಿರಿಯರದ್ದು. ದೋಣಿ ನಡೆಸುವ ಮುಖ್ಯಸ್ಥನಿಗೆ ನಮ್ಮ ಕರಾವಳಿಯಲ್ಲಿ ತಾಂಡೇಲ ಅನ್ನುತ್ತಾರೆ; ಇಡೀ ಚಾಳ್ ಅವರನ್ನು ತಾಂಡೇಲರು ಎಂದೇ ಕರೆಯುತ್ತಿತ್ತು. ನನಗೆ ಅವರು ತಾಂಡೇಲ ಮಾಮ. ದಕ್ಷಿಣ ಮುಂಬೈಯ ಒಂದು ದೊಡ್ಡ ಕ್ಲಬ್ಬಿನಲ್ಲಿ ಶ್ರೀಮಂತರ ಹಾಯಿದೋಣಿಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಹಗ್ಗ ಕಟ್ಟುವುದು, ಹಲಗೆಗೆ ಗೇರೆಣ್ಣೆ ಬಳಿಯುವುದು, ಹಾಯಿ ಏರಿಸುವುದು, ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ದಡಕ್ಕೆ ಎಳೆಯುವುದು. ಕ್ಲಬ್ಬಿನಲ್ಲಿ ಅವರನ್ನು ಯಾರೂ ತಾಂಡೇಲ ಅನ್ನುತ್ತಿರಲಿಲ್ಲ. "ಏ, ಸುನ್" ಅನ್ನುತ್ತಿದ್ದರಂತೆ. ಅದನ್ನು ಅವರೇ ನಗುತ್ತಾ ಹೇಳಿದ್ದರು. ಆದರೆ ಒಂದು ಮಾತು ಹೇಳುವಾಗ ಮಾತ್ರ ನಗುತ್ತಿರಲಿಲ್ಲ: ಮೂವತ್ತು ಮಳೆಗಾಲದಲ್ಲಿ ಅವರು ಕಟ್ಟಿದ ಒಂದು ದೋಣಿಯೂ ಹಗ್ಗ ಹರಿದುಕೊಂಡು ಹೋಗಿರಲಿಲ್ಲ.

ಮದುವೆಯಾಗಿ ನಾನು ಘಾಟ್‌ಕೋಪರಿಗೆ ಬಂದೆ. ನನ್ನ ಯಜಮಾನರು ಬಾಗಲಕೋಟೆಯ ಕಡೆಯವರು, ಕಟ್ಟಡದ ಕೆಲಸದಲ್ಲಿ ಸೂಪರ್‌ವೈಸರ್ ಆಗಿ ಸೇರಿ ಆಮೇಲೆ ಸ್ವಂತ ಕಂತ್ರಾಟು ಹಿಡಿದವರು. ಇವತ್ತಿಗೂ ಈಜು ಬರುವುದಿಲ್ಲ. ಅಂಥವರ ಮಗಳು ಕಾಲೇಜಿನಲ್ಲಿ ನೌಕಾ ಕೆಡೆಟ್ ಆಗಿ ಸೇರಿ ಹಾಯಿ ಹಾಕುವುದನ್ನು ಕಲಿತಳು. ಎರಡೇ ವರ್ಷದಲ್ಲಿ ಮನೆಯಲ್ಲಿ ಗಾಳಿ, ಅಲೆ ಬಿಟ್ಟು ಬೇರೆ ಮಾತೇ ಇಲ್ಲ ಅನ್ನುವ ಹಾಗಾಯಿತು. ಕೊನೆಗೊಂದು ದಿನ ಒಬ್ಬ ವೃದ್ಧ ಪಾರ್ಸಿ ತಮ್ಮ ಹಾಯಿದೋಣಿಯನ್ನು ಮಾರುತ್ತಾರೆ ಎಂಬ ಸುದ್ದಿ ತಂದಳು. ಇಪ್ಪತ್ತೆರಡು ಅಡಿಯದ್ದು, ಒಳಗೆ ನಾಲ್ಕು ಜನ ಮಲಗಬಹುದು. ಹಳೆಯದಾದರೂ ಗಟ್ಟಿ. ಯಜಮಾನರು ಎರಡು ರಾತ್ರಿ ನಿದ್ದೆ ಬಿಟ್ಟು ಯೋಚಿಸಿ, ಮೂರನೆಯ ಬೆಳಿಗ್ಗೆ ಚಹಾ ಕುಡಿಯುತ್ತಾ, "ತಗೊಳ್ಳೋಣು. ನಮ್ಮ ವಂಶದಾಗ ಯಾರೂ ಹೊಳೀಗೂ ಇಳಿದಿಲ್ಲ. ಈಕಿ ಸಮುದ್ರಕ್ಕ ಇಳಿಯಾಕತ್ತಾಳಲ್ಲ," ಅಂದರು.

ನೆಂಟರೆಲ್ಲ ನಕ್ಕರು. ನಮಗೆ ಅದು ತಾಕಲಿಲ್ಲ. ತಾಕಿದ್ದು ಬೇರೆ ಪ್ರಶ್ನೆ. ಒಂದು ತಿಂಗಳೊಳಗೆ ದೋಣಿಯನ್ನು ಆ ಪಾರ್ಸಿಯವರ ಜಾಗದಿಂದ ತೆಗೆಯಬೇಕಿತ್ತು. ತೆಗೆದು ಎಲ್ಲಿಡುವುದು? ಸ್ಕೂಟರಿನ ಹಾಗೆ ಸೊಸೈಟಿಯ ಗೇಟಿನೊಳಗೆ ನಿಲ್ಲಿಸುವುದಕ್ಕಾಗುತ್ತದೆಯೇ? ಮಗಳು ಕಂಡವರನ್ನೆಲ್ಲ ಕೇಳಿದಳು. ಕಡೆಗೆ ಪಶ್ಚಿಮದ ಉಪನಗರದಲ್ಲಿ, ಸಮುದ್ರದ ಮಗ್ಗುಲಿನ ಹಿನ್ನೀರಿನಲ್ಲಿ ಹೊಸದಾಗಿ ಶುರುವಾಗಿದ್ದ ಬೋಟ್ ಯಾರ್ಡ್ ಒಂದು ನಮಗೆಲ್ಲ ಮೆಚ್ಚಿಕೆಯಾಯಿತು. ತೇಲುವ ಕಟ್ಟೆ, ಕಾವಲಿನವರು, ಕ್ಯಾಮೆರಾ, ಕಾಫಿ ಕುಡಿಯಲು ಗಾಜಿನ ಕೋಣೆ. ನಾವು ಹೋದ ಮಧ್ಯಾಹ್ನ ನೀರು ಅಂಚಿನವರೆಗೆ ತುಂಬಿ ಹೊಳೆಯುತ್ತಿತ್ತು. ಸೋಮವಾರ ಹೂಂ ಅನ್ನುವುದೆಂದು ನಿಶ್ಚಯಿಸಿದೆವು.

ಶನಿವಾರ ಮಗಳು, "ಅಮ್ಮಾ, ಒನ್ಸ್ ತಾಂಡೇಲ ಅಜ್ಜನ್ನ ಕೇಳೋಣ?" ಅಂದಳು.

ನನಗೇಕೆ ಹೊಳೆಯಲಿಲ್ಲವೋ… ನಾಚಿಕೆಯಾಯಿತು. ಅವರು ಕ್ಲಬ್ಬಿನಿಂದ ನಿವೃತ್ತರಾಗಿ ಅದೇ ಚಾಳಿನಲ್ಲಿ ಅಣ್ಣನ ಮಗನ ಸಂಸಾರದ ಜೊತೆ ಇದ್ದರು. ಮೊಣಕಾಲು ಸೋತಿತ್ತು. ಅವತ್ತೇ ಹೋಗಿ ದೋಣಿಯ ಸುದ್ದಿ ಹೇಳಿದೆವು. "ನಮ್ಮ ಚಾಳಿನ ಹುಡುಗಿಯ ಮನೆಗೆ ಹಾಯಿದೋಣಿಯಾ?" ಎಂದು ಎರಡು ಸಲ ಕೇಳಿದರು. ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

"ಜಾಗ ನೋಡಿದ್ದೀರಾ?"

"ನೋಡಿದ್ದೇವೆ ಮಾಮ. ಬಹಳ ಚೆಂದ ಉಂಟು."

"ನೀರು ಇಳಿದಾಗ ನೋಡಿದ್ದೀರಾ?"

"ಇಲ್ಲ ಮಾಮ, ತುಂಬಿದ್ದಾಗ ಮಾತ್ರ."

"ಭರತದಲ್ಲಿ, ನೀರು ಏರಿದಾಗ, ಎಲ್ಲ ಜಾಗವೂ ಚೆಂದವೇ ಮಾರಾಯ್ರೆ. ನಾಡಿದ್ದು ಅಮಾವಾಸ್ಯೆ. ನೀರು ಪೂರ್ತಿ ಇಳಿಯುವ ದಿನ. ಬುತ್ತಿ ಕಟ್ಟಿಕೊಳ್ಳಿ, ಹೋಗುವ," ಅಂದರು.

ಸೋಮವಾರ ನಾವು ನಾಲ್ವರೂ ಅಲ್ಲಿಗೆ ಹೋದೆವು. ತಾಂಡೇಲರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಕಾಲಿಗೆ ರಬ್ಬರ್ ಚಪ್ಪಲಿ. ಮ್ಯಾನೇಜರ್ ನಮ್ಮನ್ನು ನಗುನಗುತ್ತಾ ಗಾಜಿನ ಕೋಣೆಗೆ ಕರೆದು, ಅವರತ್ತ ಬೆರಳು ತೋರಿಸಿ, ಇವರು ಹೊರಗೆ ಕಾವಲುಗಾರನ ಹತ್ತಿರ ಕೂರಲಿ ಎಂದು ಹಿಂದಿಯಲ್ಲಿ ಹೇಳಿದ. ತಾಂಡೇಲರು ಆಗಲೇ ತಿರುಗಿ ನಡೆಯತೊಡಗಿದ್ದರು. ಅಷ್ಟು ವರ್ಷದ ರೂಢಿ.

ನನ್ನ ಯಜಮಾನರು ಜೋರಾಗಿ ಮಾತಾಡುವವರಲ್ಲ. ಅವತ್ತು ಅವರು ಕೋಣೆಯ ಬಾಗಿಲು ಹಿಡಿದು ನಿಂತು, ಅದೇ ಹಿಂದಿಯಲ್ಲಿ, "ಇವರು ನಮ್ಮ ಮನೆಯ ಹಿರಿಯರು. ಜಾಗ ನೋಡಲು ಬಂದವರು ಇವರು. ನಾವು ಇವರ ಜೊತೆಗೆ ಬಂದವರು," ಅಂದರು. ಆಮೇಲೆ ಕೈ ಹಿಡಿದು ಅವರನ್ನೇ ಮೊದಲು ಒಳಗೆ ಕರೆದೊಯ್ದರು. ಮದುವೆಯಾದ ಮೇಲೆ ನನ್ನ ಗಂಡನ ಬಗ್ಗೆ ನನಗೆ ಅಷ್ಟು ಹೆಮ್ಮೆಯಾದ ದಿನ ಇನ್ನೊಂದಿಲ್ಲ.

ತಾಂಡೇಲರು ಕಾಫಿ ಕುಡಿದರು, ಥ್ಯಾಂಕ್ಸ್ ಹೇಳಿದರು, ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಕೂತವರು ಆರು ತಾಸು ಏಳಲಿಲ್ಲ. ನಾವು ಬುತ್ತಿಯ ಚಪಾತಿ ತಿಂದೆವು, ನೆರಳು ಹುಡುಕಿದೆವು, ಆಕಳಿಸಿದೆವು. ನೀರು ನಿಧಾನವಾಗಿ ಇಳಿಯಿತು. ನಾಲ್ಕರ ಹೊತ್ತಿಗೆ, ನಮಗೆ ಕೊಡುತ್ತೇವೆಂದಿದ್ದ ಜಾಗದ ಕೆಳಗೆ ಕಲ್ಲುಗಳು ತಲೆ ಎತ್ತಿದವು. ಐದಕ್ಕೆ ಹಳೆಯ ಕಾಂಕ್ರೀಟ್ ಕಂಬದ ಮುರಿದ ತುದಿ, ಅದರಿಂದ ಚಾಚಿದ ಕಬ್ಬಿಣದ ಸಲಾಕೆ. ಪಕ್ಕದ ದೋಣಿಯೊಂದು ಅದಕ್ಕೆ ಹೊಟ್ಟೆ ಉಜ್ಜುತ್ತಾ ವಾಲಿತು. ತಾಂಡೇಲರು ಮ್ಯಾನೇಜರನ್ನು ಕೇಳಿದ್ದು ಎರಡೇ ಪ್ರಶ್ನೆ. ದೋಣಿಗಳನ್ನು ಹಿಡಿದಿಡುವ ಅಡಿಯ ಸರಪಳಿಯನ್ನು ಕೊನೆಯ ಸಲ ಮೇಲೆತ್ತಿ ನೋಡಿದ್ದು ಯಾವಾಗ? ಮಳೆಗಾಲದಲ್ಲಿ ದೋಣಿ ಎಲ್ಲಿಗೆ ಹೋಗುತ್ತದೆ? ಕೇಳಿ ತಿಳಿಸುತ್ತೇನೆ ಎಂದು ಅವನು ಒಂದು ಬಣ್ಣದ ಕರಪತ್ರ ಕೈಗಿಟ್ಟ. ನಾವು ನಮಸ್ಕಾರ ಹೇಳಿ ಹೊರಟೆವು.

ಮರುದಿನ ಅವರು ನಮ್ಮನ್ನು ಕರೆದೊಯ್ದದ್ದು ನಗರದ ಪೂರ್ವ ದಡಕ್ಕೆ, ಕೋಳಿ ಜನಾಂಗದ ಮೀನುಗಾರರ ಒಂದು ಹಳೆಯ ಕೇರಿಗೆ, ಕೋಳಿವಾಡಾಕ್ಕೆ. ಒಣಮೀನಿನ ವಾಸನೆ, ಬಲೆಯ ರಾಶಿ, ಅಂಗಳದಲ್ಲಿ ಕೂತ ಬೆಕ್ಕುಗಳು. ಅಲ್ಲಿ ದೋಣಿ ಎಳೆಯುವ ಇಳಿಜಾರು ಕಟ್ಟೆಯ ಉಸ್ತುವಾರಿ ಒಬ್ಬ ಹೆಂಗಸಿನದು. ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ತಾಂಡೇಲರೂ ಅವಳೂ ಮರಾಠಿಯಲ್ಲಿ ಗಾಳಿಯ ಬಗ್ಗೆ, ಸತ್ತುಹೋದ ಗೆಳೆಯರ ಬಗ್ಗೆ ಬಹಳ ಹೊತ್ತು ಮಾತಾಡಿದರು. ಆಮೇಲೆ ತಾಂಡೇಲರು ಒಂದು ಕೋಲನ್ನು ಕೆಸರಿಗೆ ಚುಚ್ಚಿ ತೋರಿಸಿದರು. ಮೊಣಕೈಯುದ್ದ ಇಳಿಯಿತು, ಎಲ್ಲೂ ಕಲ್ಲು ತಾಗಲಿಲ್ಲ.

"ನೀರು ಇಳಿದರೆ ದೋಣಿ ಹಾಸಿಗೆ ಮೇಲೆ ಕೂತ ಹಾಗೆ ಕೂರ್ತದೆ. ಮಳೆಗಾಲದ ಗಾಳಿಗೆ ಊರೇ ಅಡ್ಡ ಉಂಟು. ಘಾಟ್‌ಕೋಪರಿಂದ ಒಂದು ಗಂಟೆಯಲ್ಲಿ ಬರ್ಲಿಕ್ಕಾಗ್ತದೆ. ವಾರಕ್ಕೊಮ್ಮೆ ಬಂದು ಮುಟ್ಟಿ ನೋಡದಿದ್ರೆ ಯಾವ ಜಾಗವೂ ಜಾಗ ಅಲ್ಲ. ಆದ್ರೆ ನಾನು ಹೇಳ್ಲಿಕ್ಕಿಲ್ಲ. ನೀನು ಹೇಳು ಮಗಾ," ಎಂದು ನನ್ನ ಮಗಳ ಕಡೆ ತಿರುಗಿದರು.

ಅವಳು ನೀರನ್ನು ನೋಡುತ್ತಾ ನಿಂತಳು. ಅವಳ ಕನ್ನಡ ತಡವರಿಸುವ ಕನ್ನಡ. "ಅಜ್ಜ, ವಿಂಟರಲ್ಲಿ… ಬೆಳಿಗ್ಗೆ ಗಾಳಿ ಈ ಕಡೆಯಿಂದ ಬರ್ತದಲ್ಲ? ಪೂರ್ವದಿಂದ? ಆಗ ಇಲ್ಲಿ ಓಪನ್ ಅಲ್ವಾ?"

ತಾಂಡೇಲರು ಪೂರ್ವಕ್ಕೆ ನೋಡಿದರು. ಮಾವಶಿಯನ್ನು ನೋಡಿದರು. ಆಮೇಲೆ ಅವರ ಮುಖದಲ್ಲಿ ಮೂಡಿದ ಆ ನಗು… ನಾನು ಪದವಿ ಪಾಸಾದಾಗ ಅಪ್ಪನ ಮುಖದಲ್ಲಿ ಅಂಥದ್ದನ್ನು ಕಂಡಿದ್ದೆ. "ಇದನ್ನು ನಾನು ಯೋಚಿಸ್ಲೇ ಇಲ್ಲ ನೋಡಿ! ಮಳೆಗಾಲದ್ದೇ ತಲೆಯಲ್ಲಿತ್ತು. ಸರಿಯಾಗಿ ಕೇಳಿದಳು ಹುಡುಗಿ," ಎಂದು ಅಲ್ಲಿದ್ದವರಿಗೆಲ್ಲ ಮರಾಠಿಯಲ್ಲಿಯೂ ಹೇಳಿದರು. ಪೂರ್ವಕ್ಕೆ ಇನ್ನೊಂದು ಲಂಗರು ಹಾಕುವುದೆಂದು ಆಯಿತು. ಅದನ್ನು ಎಲ್ಲಿ ಬಿಡಬೇಕೆಂದು ಮಗಳೇ ಗುರುತು ಮಾಡಿದಳು. ಜಾಗ ಗಟ್ಟಿಯಾಯಿತು.

ಮೊದಲ ಸಲ ನಾವೆಲ್ಲ ದೋಣಿ ಹತ್ತಿದ ಭಾನುವಾರ ತಾಂಡೇಲರೂ ಬಂದರು. ಅಭ್ಯಾಸದಂತೆ ಹಗ್ಗಕ್ಕೆ ಕೈ ಹಾಕಲು ಹೋದಾಗ ಮಗಳು, "ಅಜ್ಜ, ನೀವು ಗೆಸ್ಟ್. ಕೂತ್ಕೊಳ್ಳಿ," ಅಂದಳು. ಜೀವಮಾನವೆಲ್ಲ ಹಾಯಿದೋಣಿಗಳಲ್ಲಿ ಕಳೆದ ಮನುಷ್ಯ ಸುಮ್ಮನೆ ಕೂತು ಪ್ರಯಾಣ ಮಾಡಿದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಯಜಮಾನರು ಎರಡು ಲೈಫ್ ಜಾಕೆಟ್ ತೊಟ್ಟು, ಕಣ್ಣು ಮುಚ್ಚಿ, ಬಾದಾಮಿ ಬನಶಂಕರಿಯನ್ನು ನೆನೆಯುತ್ತಿದ್ದರು.

ದಕ್ಷಿಣಕ್ಕೆ ಸಾಗುತ್ತಾ ಗೇಟ್‌ವೇ ಆಫ್ ಇಂಡಿಯಾ ಸಮೀಪ, ತಾಂಡೇಲರು ದುಡಿದಿದ್ದ ಕ್ಲಬ್ಬಿನ ದೋಣಿಗಳು ನಿಂತ ಕಡೆ ಬಂದೆವು. ಅಲ್ಲಿ ದೋಣಿ ತೊಳೆಯುತ್ತಿದ್ದ ಒಬ್ಬ ಇವರ ಗುರುತು ಹಿಡಿದ. ಕೂಗಿದ. ಒಂದೊಂದಾಗಿ ಬೇರೆ ದೋಣಿಗಳಲ್ಲಿದ್ದ ಕೆಲಸದವರೂ ಎದ್ದು ನಿಂತರು. ಇವರ ಕೈಕೆಳಗೆ ಕಲಿತವರು. ಕೆಲವರು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬೀಸಿದರು.

"ಕಿಸ್ಕಾ ಬೋಟ್ ಹೈ, ತಾಂಡೇಲ್?" ದೋಣಿ ಯಾರದ್ದೆಂದು ಒಬ್ಬ ಕೇಳಿದ.

"ಘರ್ ಕಾ ಹೈ!" ಮನೆಯದ್ದೇ ಎಂದು ಇವರು ಎದ್ದು ನಿಂತು ಕೂಗಿದರು. ಮೊಣಕಾಲು ನೋವಿನ ನೆನಪೇ ಇದ್ದಂತಿರಲಿಲ್ಲ. ಆ ಹುಡುಗರು ಅವರನ್ನು ತಾಂಡೇಲ್ ಎಂದೇ ಕರೆದರಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಆಮೇಲಿನ ಬೇಸಿಗೆಯಲ್ಲಿ ಮಗಳು ಪ್ರತಿ ಭಾನುವಾರ ಸಂಜೆ ಅವರಿಗೆ ಫೋನ್ ಮಾಡಿ ಸಮುದ್ರದ ವರದಿ ಒಪ್ಪಿಸುತ್ತಿದ್ದಳು. ನಮ್ಮ ಕಡೆ ಮೇ ಕೊನೆಯ ವಾರ ಪತ್ತನಾಜೆ ಬಂದರೆ ಯಕ್ಷಗಾನದ ಮೇಳಗಳೂ ಗೆಜ್ಜೆ ಬಿಚ್ಚುತ್ತವೆ, ಮಳೆಗಾಲ ಹತ್ತಿರ ಬಂತೆಂದು ಲೆಕ್ಕ. ಅದರೊಳಗೆ ದೋಣಿ ದಡಕ್ಕೆ ಬರಬೇಕೆಂದು ಅವರ ಕಟ್ಟಪ್ಪಣೆಯಿತ್ತು. ಆದರೆ ಮೇ ತಿಂಗಳ ನಡುವಿನ ಒಂದು ಭಾನುವಾರ ಮಗಳು, "ಗಾಳಿ ಏನೂ ಇಲ್ಲ ಅಜ್ಜ, ಆದ್ರೆ ಅಲೆ ಉದ್ದ ಉದ್ದ, ಸ್ಲೋ," ಅಂದಳು.

ಅವರ ದನಿ ಬದಲಾಯಿತು. "ಅಂಥ ಅಲೆ ದೂರದ ಬಿರುಗಾಳಿಯಿಂದ ಬರುವುದು. ಪತ್ತನಾಜೆಗೆ ಕಾಯುವುದು ಬೇಡ. ನಾಳೆ ಬೆಳಿಗ್ಗೆಯೇ ಎಳೆಯಿರಿ. ಮಾವಶಿಗೂ ಹೇಳು."

ಎಳೆದೆವು. ಮಾವಶಿ ಕೂಗಿ ಕರೆದ ಇಪ್ಪತ್ತು ಜನ, ನಾವು ಮೂವರು. ಕೋಳಿವಾಡಾದ ದೋಣಿಗಳೂ ಒಂದಾದ ಮೇಲೊಂದು ಮೇಲೆ ಬಂದವು. ನಾಲ್ಕನೆಯ ದಿನ ಚಂಡಮಾರುತ ಬಂತು. ಘಾಟ್‌ಕೋಪರಿನ ನಮ್ಮ ಕಿಟಕಿಯ ಗಾಜು ಒಡೆಯಿತು, ಬೀದಿಯ ಮರಗಳು ಮಗುಚಿದವು. ದೋಣಿಗೆ ಒಂದು ಗೀರೂ ಬೀಳಲಿಲ್ಲ. ಪಶ್ಚಿಮದ ಆ ಚೆಂದದ ಜಾಗದಲ್ಲಿ ಐದಾರು ದೋಣಿಗಳು ಕಲ್ಲಿಗೆ ಬಡಿದು ಒಡೆದವೆಂದು ಆಮೇಲೆ ತಿಳಿಯಿತು. ನಾನು ಓಡಿಹೋಗಿ ತಾಂಡೇಲರಿಗೆ ಹೇಳಿದೆ, ಅವರು ಗೆದ್ದ ಸುದ್ದಿಯೇ ಅದು ಎನ್ನುವ ಹಾಗೆ. ಅವರು ಕೇಳಿದ್ದು ಒಂದೇ: "ಜನಕ್ಕೆ ಯಾರಿಗಾದರೂ ಪೆಟ್ಟಾಯ್ತಾ?" ಇಲ್ಲವೆಂದಾಗ ಕಣ್ಣು ಮುಚ್ಚಿ ಗೋಡೆಗೊರಗಿದರು.

ಅದಾದ ಮೇಲೆ ಇನ್ನೂ ಎರಡು ವರ್ಷ ಇದ್ದರು. ಕೊನೆಯ ಕಾಯಿಲೆ ಬಹಳ ದಿನ ಎಳೆಯಲಿಲ್ಲ. ಚಾಳಿನ ಮೆಟ್ಟಿಲಿನಿಂದ ಅವರನ್ನು ಇಳಿಸುವಾಗ ಕ್ಲಬ್ಬಿನ ಕೆಲಸದವರು ಹೆಗಲು ಕೊಟ್ಟರು. ನನ್ನ ಮಗಳೂ ಕೊಟ್ಟಳು. ಹೆಣ್ಣುಮಗಳು ಕೊಡಬಾರದು ಎಂದು ಯಾರೋ ಗೊಣಗಿದರು. ಮಾವಶಿ ಅವರತ್ತ ತಿರುಗಿ ನೋಡಿದ್ದೇ ಸಾಕಾಯಿತು.

ಈಗ ಕೋಳಿವಾಡಾದ ಪಕ್ಕ ರಸ್ತೆಯ ಕೆಲಸ ಶುರುವಾಗಿದೆ. ದೀಪಾವಳಿಯೊಳಗೆ ದೋಣಿಗೆ ಬೇರೆ ಜಾಗ ಮಾಡಿಕೊಳ್ಳಿ ಎಂದು ಮಾವಶಿ ಕಣ್ಣೊರೆಸಿಕೊಳ್ಳುತ್ತಾ ಹೇಳಿದ್ದಾಳೆ. ಮಗಳು ಆಫೀಸಿಗೆ ರಜೆ ಹಾಕಿ ಒಬ್ಬಳೇ ಮೂರು ಕಡೆ ಹೋಗಿ ಬಂದಳು. ಮೊನ್ನೆ ಊಟದ ಹೊತ್ತಿಗೆ ಒಂದನ್ನು ಆರಿಸಿದ್ದೇನೆ ಎಂದಳು. ಯಾಕೆ ಎಂದು ಕೇಳಿದಾಗ ತನ್ನ ತಡವರಿಸುವ ಕನ್ನಡದಲ್ಲೇ ಅರ್ಧ ಗಂಟೆ ವಿವರಿಸಿದಳು: ಅಡಿಯ ಮಣ್ಣು, ಹರಿವು, ಗಾಳಿ, ಎಷ್ಟು ಹೊತ್ತಿಗೆ ಹೋಗಿ ಮುಟ್ಟಬಹುದು ಎಂಬುದು. ಯಜಮಾನರು ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಕೇಳುತ್ತಿದ್ದರು, ಅನ್ನ ಆರಿಹೋಗಿತ್ತು. ಅವಳು ಹೇಳಿದ್ದು ಸರಿಯೋ ತಪ್ಪೋ ನಮ್ಮಿಬ್ಬರಿಗೂ ತಿಳಿಯದು. ಅದನ್ನು ಹೇಳಬಲ್ಲವರು ಈಗ ಇಲ್ಲ. ನಮ್ಮ ಮನೆಯಲ್ಲಿ ಸಮುದ್ರವನ್ನು ಬಲ್ಲವಳು ಇನ್ನು ಅವಳೊಬ್ಬಳೇ.

"ಆಗಲಿ, ಅಲ್ಲೇ ಇಡೋಣು," ಅಂದರು ಯಜಮಾನರು.