ಮುಸುರೆ ನೀರು ಮೋರಿಗಲ್ಲ

ಇವತ್ತು ಬೆಳಿಗ್ಗೆ ಮುದ್ದೆ ಪಾತ್ರೆಗೆ ನೀರು ಹಾಕಿದೆ. ತಳಕ್ಕೆ ಹಿಡಿದ ರಾಗಿ ನೆನೆದು ಹುಳಿ ವಾಸನೆ ಮೂಗಿಗೆ ಬಡಿಯಿತು. ನಿಮಗದು ನಾತ ಅನ್ನಿಸಬಹುದು. ನನಗೆ ಆ ನೀರಿಗೆ ನಮ್ಮ ಹಸು ಗೋಣು ಚಾಚುತ್ತಿದ್ದದ್ದು ನೆನಪಾಗುತ್ತದೆ.

ಬಿಡದಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ನಮ್ಮ ಹೊಲ ಹೋಯಿತು, ಅದರ ಜೊತೆ ಹುಲ್ಲೂ ಹೋಯಿತು. ಹಸು ಮಾರಿದೆವು. ನಾನೇನೂ ಅಳಲಿಲ್ಲ, ಅದು ಹಾಲು ಕೊಟ್ಟಿದ್ದಕ್ಕಿಂತ ಒದ್ದಿದ್ದೇ ಹೆಚ್ಚು. ಆದರೆ ಮಾರನೆಯ ದಿನ ಪಾತ್ರೆ ತೊಳೆದ ಮುಸುರೆ ನೀರಿನ ಬಾನಿ ಎತ್ತಿಕೊಂಡು ಹೋಗಿ ಖಾಲಿ ಕೊಟ್ಟಿಗೆಯಲ್ಲಿ ಪೆದ್ದಿಯ ಹಾಗೆ ನಿಂತೆ. ಚೆಲ್ಲಲು ಮನಸ್ಸು ಬರಲಿಲ್ಲ. ಹಿತ್ತಲಿನ ಗಿಡಗಳಿಗೆ ಸುರಿದೆ. ಹಸುವಿಗೆ ಹಾಕಿದ ಅಭ್ಯಾಸ ನೋಡಿ, ಒಂದು ಹಿಡಿ ಕಲ್ಲುಪ್ಪನ್ನೂ ಕಲಸಿದ್ದೆ! ಬದನೆ ಗಿಡಗಳು ಸುಟ್ಟುಹೋದವು. ಗಿಡ ಹಸುವಲ್ಲ ಅಂತ ಆಮೇಲೆ ಗೊತ್ತಾಯಿತು. ಉಪ್ಪು ಬಿಟ್ಟೆ, ನೀರು ಬಿಡಲಿಲ್ಲ. ಬಾಳೆ, ಕರಿಬೇವು ನಮ್ಮ ಎಂಜಲು ಕುಡಿದೇ ಬೆಳೆದವು.

ಆಮೇಲೆ ನನ್ನ ಮಗ ಫ್ಯಾಕ್ಟರಿ ಕೆಲಸದವರಿಗೆ ಬಾಡಿಗೆ ರೂಮು ಕಟ್ಟಲು ಹಿತ್ತಲಿಗೆಲ್ಲ ಸಿಮೆಂಟು ಹಾಕಿಸಿದ. ಅದಕ್ಕೆ ಮುಂಚೆಯೇ ನಾನು ಗಿಡಗಳನ್ನು ಬೇರುಸಮೇತ ಕಿತ್ತು ಮನೆ ಮುಂದೆ, ರಸ್ತೆ ಅಂಚಿಗೆ ನೆಟ್ಟೆ. ಸೊಸೆ ಭಾಗ್ಯ ಅಡುಗೆಮನೆಗೆ ಸಿಂಕು ಇಡಿಸಿದಳು. ಅದರ ನೀರು ಸೀದಾ ಮೋರಿಗೆ. ಕುಡಿಯಲೇ ನೀರು ಸಾಲದ ಊರಲ್ಲಿ ಮೋರಿಗೆ ಯಾಕೆ ಕುಡಿಸಬೇಕು? ನನ್ನ ಪಾಲಿನ ಪಾತ್ರೆಗಳನ್ನು ಬಾನಿಯಲ್ಲಿ ಬೂದಿ ಹಾಕಿ ತೊಳೆದೆ, ವರ್ಷಗಟ್ಟಲೆ ನೀರು ಹೊತ್ತು ಹಾಕಿದೆ.

ಹೋದ ವಾರ ಸೊಂಟ ಹಿಡಿಯಿತು. ಬಾನಿ ಎತ್ತಲಾಗಲಿಲ್ಲ. ಕರಿಬೇವಿನ ಎಲೆ ಜೋತುಬಿತ್ತು.

"ಇನ್ನಾದ್ರೂ ಬುಟ್ಬುಡು ಅತ್ತೆ, ಮೋರೀಗೇ ಹೋಗ್ಲಿ," ಅಂದಳು ಭಾಗ್ಯ.

ಇವತ್ತು ನಾನು ಮುದ್ದೆ ಪಾತ್ರೆ, ಉಳಿದ ಪಾತ್ರೆಗಳು, ಚೊಂಬಿನಲ್ಲಿ ನೀರು, ಬೂದಿ, ಮಣೆ ಎಲ್ಲವನ್ನೂ ಒಂದೊಂದಾಗಿ ಮನೆ ಮುಂದಕ್ಕೆ ಸಾಗಿಸಿದೆ. ಗಿಡದ ಬುಡದಲ್ಲೇ ತೊಳೆಯಲು ಕೂತೆ. ಭಾಗ್ಯ ಓಡಿ ಬಂದಳು.

"ಅಯ್ಯೋ ಅತ್ತೆ! ಶುಕ್ರವಾರ ಮುಂಬಾಗ್ಲಲ್ಲಿ ಮುಸುರೆ ತೊಳೀತಾರಾ? ಲಕ್ಷ್ಮಿ ಒಳೀಕ್ ಬತ್ತಾಳಾ?"

"ಒಸಿ ಪಕ್ಕಕ್ ಸರ್ಕೊಂಡ್ ಬತ್ತಾಳೆ. ಕಾಲಿಗೆ ನೀರ್ ಬೇಕಂದ್ರೆ ನಾನೇ ಉಯ್ತೀನಿ."

"ಫ್ಯಾಕ್ಟರಿ ಬಸ್ಸು ಬರೋ ಹೊತ್ತು. ಎಲ್ರೂ ನೋಡ್ತಾರೆ, ಮಾನ ಹೋಯ್ತದೆ!"

"ಪಾತ್ರೆ ತಾನೆ ಕಣೇ ಉಜ್ತಿರೋದು, ನಿನ್ ಗಂಡನ್ ಮುಖನಾ?"

ಅವಳು ನಗು ತಡೆಯಲು ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ತೊಳೆದ ನೀರು ತಾನಾಗಿಯೇ ಬುಡಕ್ಕೆ ಹರಿಯಿತು. ಬಾನಿ ಹೊರುವ ಕೆಲಸವೇ ಇಲ್ಲ. ಇಷ್ಟು ವರ್ಷ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಬಸ್ಸು ಬಂತು. ಕಿಟಕಿಗೊಂದು ಮುಖ. ಅವರ ಕಡೆಗೇ ತಿರುಗಿ ಕೂತು ಮುಂದಿನ ಪಾತ್ರೆಗೆ ಕೈ ಹಾಕಿದೆ.